ಶಾಲೆಯೊಳಗೆ ಕಳೆದ ಹೊತ್ತಿಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳು ಮುಂದಿನ ವರ್ಷದ ಅಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆಯುವುದು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಆ ಪ್ರಕಟಣೆಗಳಲ್ಲಿ ‘ನಗರ ಶಾಲಾ ನಾಯಕತ್ವ’ ಎಂಬ ಹೆಸರಿನ ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತೆ ಮತ್ತೆ ಕಾಣಿಸುತ್ತದೆ. ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದ ಕನ್ನಡಿಗರೂ ಇವುಗಳಿಗೆ ಅರ್ಜಿ ಹಾಕುತ್ತಾರೆ. ಈ ಹುದ್ದೆ ಒಳಗಿನಿಂದ ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದು ಪ್ರಕಟಣೆಯನ್ನು ಎಷ್ಟು ಸಲ ಓದಿದರೂ ಗೊತ್ತಾಗುವುದಿಲ್ಲ. ಆ ಕೊರತೆ ತುಂಬಲು ಈ ಪತ್ರ.

ದೊಡ್ಡ ನಗರಗಳ ಶಾಲೆಗಳಿಗೆ ಪ್ರಿನ್ಸಿಪಾಲ್ ಆಗಲಿರುವವರನ್ನು ತಯಾರು ಮಾಡುವುದು ಈ ಅಧ್ಯಾಪಕರ ಕೆಲಸ. ಅವರು ತರಗತಿಯಲ್ಲಿ ಪಾಠ ಹೇಳಬೇಕು. ಶಾಲೆಗಳಲ್ಲಿ ಇಂಟರ್ನ್‌ಗಳಾಗಿ ದುಡಿಯುವ ವಿದ್ಯಾರ್ಥಿಗಳ ಜೊತೆ ನಿಂತು ಅವರ ಕೈ ತಿದ್ದಬೇಕು. ಅದೇ ಶಾಲೆಗಳ ಬಗ್ಗೆ ಸಂಶೋಧನೆ ಮಾಡಿ ಪ್ರಕಟಿಸಬೇಕು. ಪ್ರಕಟಣೆಯಲ್ಲಿ ಮೂರೂ ಕೆಲಸಗಳು ಸಮಸಮವಾಗಿ ಕಾಣುತ್ತವೆ. ಆರನೆಯ ವರ್ಷದಲ್ಲಿ ಟೆನ್ಯೂರ್‌ಗಾಗಿ, ಅಂದರೆ ಹುದ್ದೆ ಕಾಯಂ ಆಗುವುದಕ್ಕಾಗಿ, ಕಡತ ಮೇಜಿಗೆ ಬಂದಾಗ ಮಾತ್ರ ನಡುವಿನ ಕೆಲಸ, ಅಂದರೆ ಶಾಲೆಯೊಳಗೆ ಕಳೆದ ಹೊತ್ತು, ಯಾವ ಕಲಮಿನಲ್ಲೂ ಕೂರುವುದಿಲ್ಲ. ಈ ಹುದ್ದೆಯ ಮೂಲ ದೋಷ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಉಳಿದ ತೊಂದರೆಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ಶಾಲೆಯ ಮುಖ್ಯಸ್ಥರು ಯಾರು ಎಂಬುದು ಮಕ್ಕಳ ಕಲಿಕೆಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಈಗ ಗಟ್ಟಿ ಆಧಾರವಿದೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನಾ ಸಮೀಕ್ಷೆಯ ಪ್ರಕಾರ, ಸಾಮರ್ಥ್ಯದಲ್ಲಿ ಕೆಳಗಿನ ಕಾಲುಭಾಗದ ಅಂಚಿನಲ್ಲಿರುವ ಪ್ರಿನ್ಸಿಪಾಲರ ಜಾಗಕ್ಕೆ ಮೇಲಿನ ಕಾಲುಭಾಗದ ಅಂಚಿನಲ್ಲಿರುವವರು ಬಂದರೆ, ಮಕ್ಕಳು ಒಂದು ವರ್ಷದಲ್ಲಿ ಗಣಿತದಲ್ಲಿ ಸುಮಾರು 2.9 ತಿಂಗಳ, ಓದಿನಲ್ಲಿ 2.7 ತಿಂಗಳ ಪಾಠದಷ್ಟು ಹೆಚ್ಚು ಕಲಿಯುತ್ತಾರೆ. ವಾಲೇಸ್ ಫೌಂಡೇಷನ್ ಎಂಬ ದತ್ತಿಸಂಸ್ಥೆ 2011ರಲ್ಲಿ ನ್ಯೂಯಾರ್ಕ್, ಡೆನ್ವರ್ ಸೇರಿ ಆರು ದೊಡ್ಡ ಶಾಲಾ ಜಿಲ್ಲೆಗಳಲ್ಲಿ (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳಲ್ಲಿ) ಪ್ರಿನ್ಸಿಪಾಲರ ತರಬೇತಿ, ಆಯ್ಕೆ, ಮೌಲ್ಯಮಾಪನ, ಬೆಂಬಲ ನಾಲ್ಕನ್ನೂ ಒಟ್ಟಿಗೆ ಕಟ್ಟುವ ಕೆಲಸ ಶುರುಮಾಡಿತು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2019ರಲ್ಲಿ ಅದರ ಫಲ ಅಳೆಯಿತು. ಹೊಸ ಪ್ರಿನ್ಸಿಪಾಲ್ ಬಂದು ಮೂರು ಅಥವಾ ಹೆಚ್ಚು ವರ್ಷವಾದ ಶಾಲೆಗಳು ಇತರ ಜಿಲ್ಲೆಗಳ ಅಂಥದ್ದೇ ಶಾಲೆಗಳಿಗಿಂತ ಓದಿನಲ್ಲಿ 6.22, ಗಣಿತದಲ್ಲಿ 2.87 ಪರ್ಸೆಂಟೈಲ್ ಅಂಶ ಮುಂದಿದ್ದವು. ಖರ್ಚು ಮಗುವಿಗೆ ವರ್ಷಕ್ಕೆ ಸುಮಾರು 42 ಡಾಲರ್. ಇಷ್ಟು ಕಡಿಮೆ ಹಣಕ್ಕೆ ಇಷ್ಟು ಫಲ ಕೊಡುವ ಶಾಲಾ ಸುಧಾರಣೆಗಳು ವಿರಳ. ಇಂಥ ಪ್ರಿನ್ಸಿಪಾಲರನ್ನು ತಯಾರು ಮಾಡುವ ಅಧ್ಯಾಪಕರ ಕೆಲಸವನ್ನು ನಾವು ಹೇಗೆ ತೂಗುತ್ತಿದ್ದೇವೆ ಎಂದು ಕೇಳುವುದು ಹಾಗಾಗಿ ನ್ಯಾಯವೇ.

ಲೆಕ್ಕವನ್ನು ಬಿಡಿಸಿ ನೋಡೋಣ. ಸಂಶೋಧನೆಗೆ ಒತ್ತು ಕೊಡುವ ವಿಶ್ವವಿದ್ಯಾಲಯದಲ್ಲಿ ಕೆಲಸದ ಹಂಚಿಕೆ ಸಾಮಾನ್ಯವಾಗಿ ಸಂಶೋಧನೆಗೆ ಶೇ 40, ಬೋಧನೆಗೆ ಶೇ 40, ಸೇವೆಗೆ, ಅಂದರೆ ಸಮಿತಿಗಳಂಥ ಕೆಲಸಕ್ಕೆ, ಶೇ 20. ಬೋಧನೆ ಎಂದರೆ ಸೆಮಿಸ್ಟರಿಗೆ ಎರಡು ಕೋರ್ಸ್. ವಾರಕ್ಕೆ 40 ಗಂಟೆ ಎಂದು ಹಿಡಿದರೆ ಬೋಧನೆಯ ಪಾಲು 16 ಗಂಟೆ, ಒಂದು ಕೋರ್ಸ್‌ಗೆ 8 ಗಂಟೆ. ಇಂಟರ್ನ್‌ಗಳ ಮೇಲ್ವಿಚಾರಣೆಯನ್ನೂ ಎಷ್ಟೋ ವಿಭಾಗಗಳು ‘ಒಂದು ಕೋರ್ಸ್’ ಎಂದೇ ಬರೆದುಕೊಳ್ಳುತ್ತವೆ, ಇಂಟರ್ನ್‌ಗಳು ಎಷ್ಟೇ ಇರಲಿ. ಹನ್ನೆರಡು ಜನ ಇದ್ದಾರೆ ಎನ್ನಿ. ಪ್ರತಿಯೊಬ್ಬರನ್ನೂ ತಿಂಗಳಿಗೆ ಎರಡು ಸಲ ಅವರ ಶಾಲೆಯಲ್ಲೇ ಕಾಣಬೇಕು. ಅದಕ್ಕಿಂತ ಕಡಿಮೆಯಾದರೆ ಹಿಂದಿನ ಭೇಟಿಯಲ್ಲಿ ಹೇಳಿದ್ದು ಜಾರಿಗೆ ಬಂತೇ ಎಂದು ನೋಡುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಒಂದು ಭೇಟಿಗೆ ಶಾಲೆಯಲ್ಲಿ ಮೂರು ಗಂಟೆ, ಹೋಗಿ ಬರಲು ಒಂದೂವರೆ ಗಂಟೆ, ಟಿಪ್ಪಣಿ ಬರೆದು ಕಳಿಸಲು ಒಂದು ಗಂಟೆ, ಒಟ್ಟು ಐದೂವರೆ ಗಂಟೆ ಹಿಡಿಯಿರಿ. 24 ಭೇಟಿಗೆ 132 ಗಂಟೆ, ಅಂದರೆ ವಾರಕ್ಕೆ 33 ಗಂಟೆ. ಕಡತದಲ್ಲಿ ಬರೆದಿರುವುದು 8.

ಈ 25 ಗಂಟೆಗಳ ಅಂತರವನ್ನು ಯಾವುದಾದರೂ ಒಂದು ಕೆಲಸ ನುಂಗಿಕೊಳ್ಳಲೇಬೇಕು. ಮನಸ್ಸಿಟ್ಟು ಶಾಲೆಗೆ ಹೋಗುವ ಅಧ್ಯಾಪಕರು ಸಂಶೋಧನೆಯನ್ನು ಕಳೆದುಕೊಳ್ಳುತ್ತಾರೆ, ಆರನೆಯ ವರ್ಷದಲ್ಲಿ ಹುದ್ದೆಯನ್ನೂ. ಟೆನ್ಯೂರ್ ಉಳಿಸಿಕೊಳ್ಳಬೇಕೆನ್ನುವವರು ಭೇಟಿಗಳನ್ನು ಸೆಮಿಸ್ಟರಿಗೆ ಎರಡಕ್ಕೆ ಇಳಿಸಿ, ಉಳಿದದ್ದನ್ನು ಇಂಟರ್ನ್ ತುಂಬಿ ಕಳಿಸುವ ದಿನಚರಿ ಹಾಳೆಗೆ ಬಿಡುತ್ತಾರೆ. ಆ ಹಾಳೆಯಲ್ಲಿ ‘ಸಿಬ್ಬಂದಿ ಸಭೆಯಲ್ಲಿ ಭಾಗವಹಿಸಿದೆ, 2 ಗಂಟೆ’ ಎಂದಿರುತ್ತದೆ. ಸಭೆಯಲ್ಲಿ ಏನು ನಿರ್ಧಾರವಾಯಿತು, ಇಂಟರ್ನ್ ಬಾಯಿ ತೆರೆದರೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಇಂಟರ್ನ್‌ಶಿಪ್ ಹಾಳಾಗುವುದು ಹೀಗೆ, ಯಾರ ದುರುದ್ದೇಶವೂ ಇಲ್ಲದೆ.

ಸರಿಯಾದ ಅಳತೆ ಮೇಲಿನ ಲೆಕ್ಕದಲ್ಲೇ ಇದೆ. ಮೂವರು ಇಂಟರ್ನ್‌ಗಳಿಗೆ ವಾರಕ್ಕೆ ಎಂಟು ಗಂಟೆಯ ಆಸುಪಾಸು ಬೇಕು. ಹಾಗಾಗಿ ಮೂವರು ಇಂಟರ್ನ್ ಎಂದರೆ ಒಂದು ಕೋರ್ಸ್, ಆರು ಎಂದರೆ ಆ ಸೆಮಿಸ್ಟರಿನ ಪೂರ್ಣ ಬೋಧನೆ. ಹನ್ನೆರಡು ಜನರಿಗೆ ಸೀಟು ಕೊಡುವ ವಿಭಾಗಕ್ಕೆ ಮೇಲ್ವಿಚಾರಣೆಗೆಂದೇ ಇಬ್ಬರು ಬೇಕು. ಇದು ದುಬಾರಿಯಾಯಿತೆಂದು ಕಂಡರೆ ಸೀಟು ಕಡಿಮೆ ಮಾಡುವುದೇ ನೇರ ದಾರಿ.

ಒಂದು ಭೇಟಿಗೆ ಮೂರು ಗಂಟೆ ಯಾಕೆ ಎಂದು ವಿಶ್ವವಿದ್ಯಾಲಯದ ಆಡಳಿತಗಾರರು ಕೇಳುವುದುಂಟು. ಅಧ್ಯಾಪಕರೂ ಇಂಟರ್ನೂ ಒಂದೇ ತರಗತಿಯ ಹಿಂಬದಿಯಲ್ಲಿ ಕೂತು 20 ನಿಮಿಷ ಪಾಠ ನೋಡುತ್ತಾರೆ. ಇಬ್ಬರೂ ಪರಸ್ಪರ ಮಾತಾಡದೆ ಬೇರೆಬೇರೆಯಾಗಿ ಟಿಪ್ಪಣಿ ಬರೆಯುತ್ತಾರೆ: ಶಿಕ್ಷಕಿ ಕೇಳಿದ ಪ್ರಶ್ನೆಗಳೇನು, ಯಾವ ಮಕ್ಕಳು ಉತ್ತರಿಸಿದರು, ನೋಟ್‌ಬುಕ್ಕಿನಲ್ಲಿ ನಿಜವಾಗಿ ಏನಿದೆ. ಆಮೇಲೆ ಎರಡು ಟಿಪ್ಪಣಿಗಳನ್ನೂ ಹೋಲಿಸುತ್ತಾರೆ. ಹೊಸಬರ ಟಿಪ್ಪಣಿಯಲ್ಲಿ ಮೊದಮೊದಲು ಸಿಗುವುದು ಗೋಡೆಯ ಚಾರ್ಟು, ತರಗತಿಯ ಶಿಸ್ತು, ಶಿಕ್ಷಕಿಯ ದನಿ. ಮಗು ಏನು ಕಲಿಯಿತು ಎಂಬುದು ಸಿಗುವುದಿಲ್ಲ. ಈ ಅಂತರ ಕಣ್ಣಿಗೆ ಬೀಳುವುದು ಎರಡೂ ಹಾಳೆ ಪಕ್ಕಪಕ್ಕದಲ್ಲಿದ್ದಾಗ ಮಾತ್ರ. ನಂತರ ಇಂಟರ್ನ್ ಶಿಕ್ಷಕಿಯ ಜೊತೆ ಮಾತಾಡಬೇಕು. ಅಧ್ಯಾಪಕರು ಸುಮ್ಮನೆ ಕೂತು ಕೇಳಬೇಕು. ಆ ಮಾತಿನಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ: ಇಂಟರ್ನ್ ಹತ್ತು ಸಲಹೆ ಕೊಡುತ್ತಾರೆ, ಶಿಕ್ಷಕಿ ಹತ್ತಕ್ಕೂ ತಲೆಯಾಡಿಸುತ್ತಾರೆ, ಮರುದಿನ ಒಂದೂ ಬದಲಾಗುವುದಿಲ್ಲ. ಒಂದೇ ಬದಲಾವಣೆ ಆರಿಸಿ, ಅದನ್ನು ಅಲ್ಲೇ ಕೂತು ಮುಂದಿನ ಪಾಠದ ಯೋಜನೆಗೆ ಸೇರಿಸಿ, ಮತ್ತೆ ನೋಡಲು ಬರುವ ದಿನ ಗೊತ್ತುಮಾಡಿ ಏಳುವುದನ್ನು ಕಲಿಸಬೇಕು. ಇದನ್ನು ಪುಸ್ತಕದಿಂದ ಕಲಿಸಲಾಗದು, ವಿಡಿಯೊ ಕರೆಯಲ್ಲಿ ಅರ್ಧ ಮಾತ್ರ ಕಲಿಸಬಹುದು.

ಅಂಕಿಅಂಶ ಓದುವುದನ್ನು ಕಲಿಸುವುದೂ ಅಷ್ಟೇ. ಶಿಕಾಗೊದ ಸಂಶೋಧಕರು ಒಂಬತ್ತನೇ ತರಗತಿಯ ಮಕ್ಕಳಿಗೆ ‘ದಾರಿಯಲ್ಲಿದ್ದಾರೆ’ ಎಂಬ ಸರಳ ಸೂಚಕ ರೂಪಿಸಿದರು. ವರ್ಷಾಂತ್ಯಕ್ಕೆ ಕನಿಷ್ಠ ಐದು ಪೂರ್ಣ ವರ್ಷದ ಕೋರ್ಸ್‌ಗಳ ಕ್ರೆಡಿಟ್ ಇರಬೇಕು, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರಿಗಿಂತ ಹೆಚ್ಚು ಅನುತ್ತೀರ್ಣ ಇರಬಾರದು. ಈ ಗೆರೆಯ ಮೇಲಿದ್ದ ಮಕ್ಕಳು ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಮುಗಿಸುವ ಸಾಧ್ಯತೆ, ಕೆಳಗಿದ್ದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. ಒಳ್ಳೆಯ ಅಧ್ಯಾಪಕರು ಈ ಸೂಚಕದ ಇತಿಹಾಸ ಹೇಳಿ ನಿಲ್ಲಿಸುವುದಿಲ್ಲ. ಅಕ್ಟೋಬರಿನಲ್ಲೇ ಇಂಟರ್ನ್‌ನ ಶಾಲೆಯ ಪಟ್ಟಿ ತರಿಸಿ, ಯಾವ ಮಗು ಯಾವ ವಿಷಯದಲ್ಲಿ ಜಾರುತ್ತಿದೆ, 180 ದಿನದಲ್ಲಿ 18 ದಿನ ತಪ್ಪಿಸಿಕೊಳ್ಳುವ ಹಾದಿಯಲ್ಲಿರುವವರು ಯಾರು, ಅವರ ಮನೆಗೆ ಕರೆ ಮಾಡುವವರು ಯಾರು ಎಂದು ಹೆಸರು ಹಿಡಿದು ಕೂರಿಸುತ್ತಾರೆ. ಜೂನ್‌ನಲ್ಲಿ ಸಿಗುವ ಪರೀಕ್ಷಾ ಫಲಿತಾಂಶ ಹಿಡಿದು ಇದನ್ನು ಕಲಿಸಹೊರಟರೆ, ಆ ಮಕ್ಕಳ ವರ್ಷ ಆಗಲೇ ಕಳೆದುಹೋಗಿರುತ್ತದೆ.

ಸಂಶೋಧನೆಯ ಕಡೆ ಹೊರಳಿದರೆ, ಹೊಸಬರಿಗೆ ಮೊದಲ ಪೆಟ್ಟು ಬೀಳುವುದು ಅನುಮತಿಯಲ್ಲಿ. ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಮಂಡಳಿ ಒಪ್ಪಿದರೆ ಸಾಲದು. ದೊಡ್ಡ ಶಾಲಾ ಜಿಲ್ಲೆಗಳಿಗೆ ತಮ್ಮದೇ ಸಂಶೋಧನಾ ಕಚೇರಿ, ತಮ್ಮದೇ ನಮೂನೆ ಇವೆ. ಕೆಲವು ಜಿಲ್ಲೆಗಳು ವರ್ಷದಲ್ಲಿ ಗೊತ್ತಾದ ಕೆಲವೇ ಅವಧಿಗಳಲ್ಲಿ ಅರ್ಜಿ ತೆಗೆದುಕೊಳ್ಳುತ್ತವೆ, ಪರೀಕ್ಷೆಯ ತಿಂಗಳುಗಳಲ್ಲಿ ಶಾಲೆಗೆ ಕಾಲಿಡಲು ಬಿಡುವುದಿಲ್ಲ. ವಿದ್ಯಾರ್ಥಿಗಳ ದಾಖಲೆಗಳಿಗೆ 1974ರ ಗೋಪ್ಯತಾ ಕಾಯ್ದೆಯ ಕಾವಲಿದೆ. ಅದಕ್ಕೆ ಲಿಖಿತ ದತ್ತಾಂಶ ಒಪ್ಪಂದ ಬೇಕು, ಎರಡೂ ಕಡೆಯ ವಕೀಲರು ಅದನ್ನು ಓದಬೇಕು. ಆಗಸ್ಟ್‌ನಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ವರ್ಷ ಇದರಲ್ಲೇ ಕಳೆಯುವುದು ಮಾಮೂಲು. ವಿಭಾಗವೇ ಜಿಲ್ಲೆಯೊಂದಿಗೆ ಮೊದಲೇ ಬಹುವರ್ಷದ ಒಪ್ಪಂದ ಮಾಡಿಕೊಂಡು, ಹೊಸ ಅಧ್ಯಾಪಕರ ಹೆಸರನ್ನು ಅದಕ್ಕೆ ಸೇರಿಸುವುದು ಇದಕ್ಕಿರುವ ಮದ್ದು.

ಎರಡನೆಯ ತೊಡಕು ಪ್ರಿನ್ಸಿಪಾಲರ ಬದಲಾವಣೆ. 2021-22ರ ರಾಷ್ಟ್ರೀಯ ಅಂಕಿಅಂಶದಂತೆ ಶೇ 80ರಷ್ಟು ಪ್ರಿನ್ಸಿಪಾಲರು ಮಾತ್ರ ಅದೇ ಶಾಲೆಯಲ್ಲಿ ಮುಂದುವರಿದರು. ಅದೇ ದರದಲ್ಲಿ, ಹತ್ತು ಶಾಲೆಗಳೊಂದಿಗೆ ಶುರುವಾದ ಅಧ್ಯಯನದಲ್ಲಿ ಎರಡು ವರ್ಷದ ಕೊನೆಗೆ ಮೊದಲಿನ ಪ್ರಿನ್ಸಿಪಾಲರು ಉಳಿದಿರುವುದು ಆರೇಳು ಶಾಲೆಗಳಲ್ಲಿ. ಹೊಸಬರು ಬಂದ ಕೂಡಲೇ ಹಿಂದಿನವರು ಕೊಟ್ಟ ಒಪ್ಪಿಗೆ ಬಿದ್ದುಹೋಗುವುದೂ ಉಂಟು. ಕೊನೆಗೆ ಹತ್ತು ಶಾಲೆ ಕೈಯಲ್ಲಿರಬೇಕೆಂದರೆ ಹದಿನಾರರಿಂದ ಆರಂಭಿಸಬೇಕು. ಸಂಶೋಧನಾ ಪ್ರಸ್ತಾವದಲ್ಲಿ ಇಷ್ಟನ್ನು ಯೋಚಿಸಿರುವ ಅಭ್ಯರ್ಥಿಯನ್ನು ಕಂಡರೆ ಆಯ್ಕೆ ಸಮಿತಿ ಎರಡು ಸಲ ಓದಬೇಕು, ಶಾಲೆಗಳನ್ನು ಬಲ್ಲವರ ಗುರುತು ಅದು. ಟೆನ್ಯೂರ್ ಗಡುವು ಮಾತ್ರ ಇದಾವುದಕ್ಕೂ ಕಾಯುವುದಿಲ್ಲ. ಅಮೆರಿಕದ ಪ್ರಾಧ್ಯಾಪಕರ ಸಂಘದ 1940ರ ಹೇಳಿಕೆ ಪ್ರೊಬೇಷನ್ ಏಳು ವರ್ಷ ಮೀರಬಾರದೆನ್ನುತ್ತದೆ. ಆರನೆಯ ವರ್ಷದ ಆರಂಭದಲ್ಲಿ ಕಡತ ಸಲ್ಲಿಸಬೇಕಾದ್ದರಿಂದ ಕೈಗೆ ಸಿಗುವುದು ಐದೇ ವರ್ಷ. ಅದರಲ್ಲಿ ಒಂದು ಅನುಮತಿಗೆ ಹೋಯಿತು, ಎರಡು ದತ್ತಾಂಶ ಕೂಡಿಸಲು. ಲೇಖನ ಕಳಿಸಿದ ಮೇಲೆ ಅಚ್ಚಾಗಲು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು.

ಈ ಇಕ್ಕಟ್ಟಿನಿಂದ ಹೊರಬರಲು ಅನೇಕ ವಿಭಾಗಗಳು ‘ಕ್ಲಿನಿಕಲ್’ ಅಧ್ಯಾಪಕರೆಂಬ ಇನ್ನೊಂದು ದರ್ಜೆ ಮಾಡಿಕೊಂಡಿವೆ. ನಿವೃತ್ತ ಪ್ರಿನ್ಸಿಪಾಲರನ್ನು ಕೆಲವು ವರ್ಷಗಳ ಗುತ್ತಿಗೆ ಮೇಲೆ ತಂದು ಶಾಲೆಯ ಕೆಲಸವನ್ನೆಲ್ಲ ಅವರಿಗೆ ವಹಿಸುವುದು. ಅವರ ಅನುಭವ ಬೆಲೆಬಾಳುವಂಥದ್ದು. ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಕೇಂದ್ರದ ನಗರ ಶಿಕ್ಷಣ ನಾಯಕತ್ವ ಕಾರ್ಯಕ್ರಮ ಒಂದು ಪೂರ್ಣ ವರ್ಷದ ಸಂಬಳಸಹಿತ ರೆಸಿಡೆನ್ಸಿಯ, ಅಂದರೆ ಶಾಲೆಯಲ್ಲೇ ದುಡಿಯುತ್ತ ಕಲಿಯುವ ಅವಧಿಯ, ಮೇಲೆ ನಿಂತಿದೆ. ಅದಕ್ಕೆ ಬೆನ್ನೆಲುಬಾಗಿರುವವರು ಪ್ರಿನ್ಸಿಪಾಲರಾಗಿ ದುಡಿದ ತರಬೇತುದಾರರೇ. ಆದರೆ ಬೇರೆ ಹಲವೆಡೆ ಈ ದರ್ಜೆಯವರಿಗೆ ನೇಮಕಾತಿಯಲ್ಲಿ, ಪಠ್ಯಕ್ರಮದಲ್ಲಿ ಪೂರ್ಣ ಮತದ ಹಕ್ಕು ಇರುವುದಿಲ್ಲ. ಶಾಲೆಯನ್ನು ಬಲ್ಲವರು ಪಠ್ಯ ಬರೆಯುವುದಿಲ್ಲ, ಪಠ್ಯ ಬರೆಯುವವರು ಶಾಲೆಗೆ ಹೋಗುವುದಿಲ್ಲ. ಇಂಟರ್ನ್ ಇಬ್ಬರ ನಡುವೆ ಸಿಕ್ಕಿ, ಒಬ್ಬರಿಗೆ ಒಂದು ಬಗೆಯ ವರದಿ, ಇನ್ನೊಬ್ಬರಿಗೆ ಇನ್ನೊಂದು ಬಗೆಯ ವರದಿ ಬರೆಯುತ್ತಾರೆ. ದರ್ಜೆ ಎರಡಿರಲಿ, ಮತ ಒಂದೇ ಇರಲಿ. ಟೆನ್ಯೂರ್ ಹಾದಿಯವರಿಗೂ ಕನಿಷ್ಠ ಮೂವರು ಇಂಟರ್ನ್‌ಗಳ ಹೊಣೆ ಇರಲಿ.

ಆಯ್ಕೆಯ ಕ್ರಮವೂ ಬದಲಾಗಬೇಕು. ಈಗ ವಿಭಾಗಕ್ಕೆ ಕರೆಸಿದ ಅಭ್ಯರ್ಥಿ 45 ನಿಮಿಷ ಸಂಶೋಧನಾ ಉಪನ್ಯಾಸ ಕೊಡುತ್ತಾರೆ, ಒಂದು ಮಾದರಿ ಪಾಠ ಮಾಡುತ್ತಾರೆ, ಡೀನ್ ಜೊತೆ ಮಾತಾಡುತ್ತಾರೆ. ಶಾಲೆಯಿಂದ ಬಂದವರು ಆ ಉಪನ್ಯಾಸದಲ್ಲಿ ಕಂಡದ್ದನ್ನೆಲ್ಲ ಹೇಳಿ, ಅದು ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಗೆ ತಡವರಿಸುತ್ತಾರೆ. ಗ್ರಂಥಾಲಯದಿಂದ ಬಂದವರ ಕೋಷ್ಟಕಗಳು ಚೊಕ್ಕವಾಗಿರುತ್ತವೆ, ಆದರೆ ಪ್ರಿನ್ಸಿಪಾಲ್ ಅದನ್ನಿಟ್ಟುಕೊಂಡು ಏನು ಮಾಡಬೇಕು ಎಂದರೆ ಉತ್ತರ ಬರುವುದಿಲ್ಲ. ಇವರಿಬ್ಬರಲ್ಲಿ ಯಾರು ಈ ಹುದ್ದೆಗೆ ತಕ್ಕವರೆಂದು ಉಪನ್ಯಾಸವೊಂದೇ ಹೇಳಲಾರದು. ಅದರ ಜೊತೆ ಒಂದು ಗಂಟೆಯ ಕೆಲಸ ಕೊಡಿ: ಹೆಸರು ಅಳಿಸಿದ ಒಂದು ಶಾಲೆಯ ಹಾಜರಾತಿ, ಅಂಕ, ಶಿಕ್ಷಕರ ರಜೆಯ ಪಟ್ಟಿ, ಜೊತೆಗೆ ಹತ್ತು ನಿಮಿಷದ ತರಗತಿ ವಿಡಿಯೊ. ಇಂಟರ್ನ್ ಒಬ್ಬರಿಗೆ ಇದರಿಂದ ಏನು ಕಲಿಸುತ್ತೀರಿ, ಮೊದಲ ಪ್ರಶ್ನೆ ಏನು ಕೇಳುತ್ತೀರಿ ಎಂದು ನೋಡಿ. ಅಭ್ಯರ್ಥಿಗಳಿಗೆ ಅಂಕ ಕೊಡುವ ಹಾಳೆ ಅರ್ಜಿ ತೆರೆಯುವ ಮೊದಲೇ ಸಿದ್ಧವಾಗಿರಬೇಕು. ತೆರೆದ ಮೇಲೆ ಮಾಡಿದ ಹಾಳೆ ಮೆಚ್ಚಿದವರ ಅಳತೆಗೆ ಹೊಲಿದ ಅಂಗಿಯಂತಿರುತ್ತದೆ. ಸಮಿತಿಯಲ್ಲಿ ಸೇವೆಯಲ್ಲಿರುವ ಒಬ್ಬ ಪ್ರಿನ್ಸಿಪಾಲ್ ಮತದ ಹಕ್ಕಿನೊಂದಿಗೆ ಕೂರಬೇಕು.

‘ನಗರ’ ಎಂಬುದನ್ನು ಪ್ರಕಟಣೆಯಲ್ಲಿ ಬಿಡಿಸಿ ಬರೆಯದಿರುವುದು ಇನ್ನೊಂದು ತಪ್ಪು. ಕೇಂದ್ರ ಶಿಕ್ಷಣ ಅಂಕಿಅಂಶ ಕಚೇರಿಗೆ ದೊಡ್ಡ ನಗರವೆಂದರೆ 2,50,000 ಅಥವಾ ಹೆಚ್ಚು ಜನಸಂಖ್ಯೆ. ವಿಭಾಗಗಳು ಅದನ್ನು ಬಡವರ, ಕಪ್ಪು ಮತ್ತು ವಲಸಿಗರ ಮಕ್ಕಳಿಗೆ ಮರೆಮಾಚಿದ ಹೆಸರಾಗಿ ಬಳಸುತ್ತವೆ. ಹಾಗೆ ಬಳಸಿದಾಗ ಕೊರತೆಯೆಲ್ಲ ಮಕ್ಕಳದ್ದೇ ಎಂಬ ಧ್ವನಿ ಬರುತ್ತದೆ. ನಗರದ ಶಾಲೆಯನ್ನು ನಡೆಸುವುದು ಕಷ್ಟವಾಗುವುದು ವ್ಯವಸ್ಥೆಯ ಕಾರಣಗಳಿಂದ: ವರ್ಷದ ನಡುವೆ ಮನೆ ಬದಲಿಸಿ ಬರುವ-ಹೋಗುವ ಮಕ್ಕಳು, ಒಂದೇ ತರಗತಿಯಲ್ಲಿ ಹಲವು ಭಾಷೆಗಳು, ಒಂದು ಕಡತಕ್ಕೆ ಐದು ಕಚೇರಿ ಹತ್ತಿಸುವ ದೊಡ್ಡ ಜಿಲ್ಲೆ, ಕಾಯಂ ಶಿಕ್ಷಕರಿಲ್ಲದ ಹುದ್ದೆಗಳು. ಶಿಕಾಗೊದಂಥ ನಗರದಲ್ಲಿ 1988ರ ಕಾನೂನಿನಿಂದ ಬಂದ ಸ್ಥಳೀಯ ಶಾಲಾ ಸಮಿತಿಗಳು ಪ್ರಿನ್ಸಿಪಾಲರನ್ನು ನಾಲ್ಕು ವರ್ಷದ ಕರಾರಿನ ಮೇಲೆ ಆರಿಸುತ್ತವೆ. ಹೆತ್ತವರೇ ಹೆಚ್ಚಿರುವ ಸಮಿತಿಯೊಂದಿಗೆ ಕೆಲಸ ಮಾಡುವುದನ್ನೂ ಇಂಟರ್ನ್ ಕಲಿಯಬೇಕು. ಪ್ರಕಟಣೆ ಇವನ್ನು ಹೆಸರಿಸಿದರೆ ತಕ್ಕವರು ಅರ್ಜಿ ಹಾಕುತ್ತಾರೆ.

ಇನ್ನು ಅರ್ಜಿ ಹಾಕುವವರಿಗೆ. ಶಾಲಾ ಆಡಳಿತದ ಪರವಾನಗಿ ಬೇಕೆಂದು ಪ್ರಕಟಣೆ ಹೇಳಿದ್ದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಕಾರ್ಯಕ್ರಮದ ಮಾನ್ಯತೆ ಅದರ ಮೇಲೆ ನಿಂತಿರಬಹುದು. ಶಾಲಾ ನಾಯಕರಿಗೆಂದು 1996ರಲ್ಲಿ ಬಂದ ಮಾನದಂಡಗಳ ಜಾಗಕ್ಕೆ 2015ರಲ್ಲಿ ಹತ್ತು ಹೊಸ ಮಾನದಂಡಗಳು ಬಂದಿವೆ. ಹಳೆಯವನ್ನು ಉಲ್ಲೇಖಿಸಿದ ಪತ್ರ ಮೊದಲ ಸುತ್ತಿನಲ್ಲೇ ಹಳತೆನಿಸುತ್ತದೆ. ಸಂಬಳ ಸಾಮಾನ್ಯವಾಗಿ ಒಂಬತ್ತು ತಿಂಗಳ ಲೆಕ್ಕದ್ದು. ಪ್ರಿನ್ಸಿಪಾಲ್ ತರಬೇತಿಯ ಹೊಸ ತಂಡಗಳು ಬೇಸಿಗೆಯಲ್ಲೇ ಶುರುವಾಗುವುದುಂಟು. ಆ ತಿಂಗಳುಗಳಿಗೆ ಪ್ರತ್ಯೇಕ ಹಣ ಎಷ್ಟು ಎಂದು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಎಷ್ಟು ಇಂಟರ್ನ್‌ಗಳಿಗೆ ಒಂದು ಕೋರ್ಸ್ ಎಂದು ಎಣಿಸುತ್ತೀರಿ, ಪ್ರಯಾಣದ ಖರ್ಚು ಯಾರದ್ದು, ಜಿಲ್ಲೆಯ ಜೊತೆ ಜಾರಿಯಲ್ಲಿರುವ ಒಪ್ಪಂದ ಯಾವ ದಿನಾಂಕದವರೆಗಿದೆ, ಈ ವಿಭಾಗದಲ್ಲಿ ಕಳೆದ ಸಲ ಶಾಲೆಯ ಕೆಲಸದಿಂದ ಟೆನ್ಯೂರ್ ಪಡೆದವರು ಯಾರಾದರೂ ಇದ್ದಾರೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ. ಡೀನ್ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಅವರ ಬದಲಿಗೆ ಬಂದವರನ್ನು ಕಟ್ಟಿಹಾಕುವುದಿಲ್ಲ, ಆರು ವರ್ಷದಲ್ಲಿ ಡೀನ್ ಬದಲಾಗುವುದು ಅಪರೂಪವಲ್ಲ.

ಕಾನೂನು ಒತ್ತಿದರೆ ವಿಶ್ವವಿದ್ಯಾಲಯಗಳು ಬದಲಾಗುತ್ತವೆ. ಇಲಿನಾಯ್ ರಾಜ್ಯ 2010ರ ಕಾಯ್ದೆಯಿಂದ ಎಲ್ಲ ಆಡಳಿತ ಹುದ್ದೆಗಳಿಗೂ ಸಲ್ಲುತ್ತಿದ್ದ ಸಾಮಾನ್ಯ ಪ್ರಮಾಣಪತ್ರಕ್ಕೆ ಮಂಗಳ ಹಾಡಿತು. ಪ್ರಿನ್ಸಿಪಾಲ್ ತರಬೇತಿಯನ್ನು ಪ್ರತ್ಯೇಕ ಮಾಡಿ, ಶಾಲಾ ಜಿಲ್ಲೆಗಳ ಸಹಭಾಗಿತ್ವ ಮತ್ತು ಶಾಲೆಯೊಳಗಿನ ಇಂಟರ್ನ್‌ಶಿಪ್ ಕಡ್ಡಾಯ ಮಾಡಿತು. ಆ ಇಂಟರ್ನ್‌ಶಿಪ್ ನಡೆಸುವ ಅಧ್ಯಾಪಕರ ಗಂಟೆಗಳನ್ನು ಎಣಿಸುವುದು ವಿಭಾಗಗಳ ಕೈಯಲ್ಲೇ ಇದೆ. ಟೆನ್ಯೂರ್ ನಿಯಮಾವಳಿಗೆ ಎರಡು ಸಾಲು ಸೇರಿಸಿದರೂ ಶುರುವಾಯಿತು: ಇಂಟರ್ನ್‌ಗಳೊಂದಿಗಿನ ಕೆಲಸದ ಆಧಾರವಾಗಿ ಭೇಟಿಯ ಟಿಪ್ಪಣಿಗಳನ್ನೂ ಅವರು ಪ್ರಿನ್ಸಿಪಾಲರಾದ ಮೇಲಿನ ಮೂರು ವರ್ಷಗಳ ದಾಖಲೆಯನ್ನೂ ಕಡತಕ್ಕೆ ಸೇರಿಸಬಹುದು, ಮತ್ತು ಹೊರಗಿನ ಮೌಲ್ಯಮಾಪಕರಲ್ಲಿ ಒಬ್ಬರಾದರೂ ಆ ಶಾಲೆಗಳನ್ನು ಕಂಡ ಜಿಲ್ಲಾ ಶಿಕ್ಷಣಾಧಿಕಾರಿ ಆಗಿರಬೇಕು.

ಇಂತಿ,
ಶಾಲಾ ನಾಯಕತ್ವದ ಅಧ್ಯಾಪನ ಮತ್ತು ತರಬೇತಿಯಲ್ಲಿ ತೊಡಗಿರುವ ಓದುಗರು